ಒಳಮೈಯ ಮೂರು ಮಿಲಿಮೀಟರ್

ಚಳ್ಳಕೆರೆಗೆ ಎಣ್ಣೆ ನಗರವೆಂಬ ಹೆಸರು ತಂದದ್ದು ಶೇಂಗಾ ಮಿಲ್ಲುಗಳು. ಎಕ್ಸ್‌ಪೆಲ್ಲರ್‌ನೊಳಗೆ ತಿರುಗುವ ವರ್ಮ್ ಸವೆದರೆ ಎಣ್ಣೆ ಪೂರ್ತಿ ಇಳಿಯದೆ ಹಿಂಡಿಯಲ್ಲೇ ಉಳಿದುಬಿಡುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಕೆಂಪು ಮಣ್ಣಿನಿಂದ ಕಿತ್ತ ಕಾಯಿಯ ಜೊತೆ ಬರುವ ಮರಳು ಉಕ್ಕನ್ನು ತೇಯುತ್ತದೆ. ಹಾಗೆಂದು ಸವೆದ ವರ್ಮನ್ನು ಗುಜರಿಗೆ ಹಾಕಬೇಕಿಲ್ಲ. ಸವೆದ ಅಂಚಿಗೆ ಗಡುಸು ಲೋಹದ ರಾಡಿನಿಂದ ವೆಲ್ಡಿಂಗ್ ಪದರ ಹಾಯಿಸಿ, ಗ್ರೈಂಡರ್ ಹಿಡಿದು ಅಳತೆಗೆ ತಂದರೆ ಅದು ಮತ್ತೆ ಕೆಲಸಕ್ಕೆ ಬರುತ್ತದೆ. ಮೈಗೆ ಸಾಧಾರಣ ಉಕ್ಕು, ಪೆಟ್ಟು ಬೀಳುವ ಕಡೆಗೆ ಮಾತ್ರ ದುಬಾರಿ ಲೋಹ. ರಿಫೈನರಿ, ತೈಲಬಾವಿ, ಅಣುಸ್ಥಾವರಗಳ ಬಿಡಿಭಾಗಗಳಲ್ಲೂ ಲೆಕ್ಕ ಇದೇ. ಆದರೆ ಅಲ್ಲಿ ಪದರ ಕೂರಬೇಕಾದದ್ದು ಒಳಮೈಗೆ, ತಡೆಯಬೇಕಾದದ್ದು ತುಕ್ಕನ್ನು. ಆ ಕೆಲಸವನ್ನು ರೋಬಾಟ್‌ಗೆ ಒಪ್ಪಿಸುವುದೇ ಸರಿ ಎಂಬುದು ನನ್ನ ವಾದ. ವೇಗವಾಗಲಿ ಕೂಲಿಯ ಉಳಿತಾಯವಾಗಲಿ ಅದಕ್ಕೆ ಮುಖ್ಯ ಕಾರಣವಲ್ಲ.

ಇಡೀ ಭಾಗವನ್ನೇ ತುಕ್ಕು ಹಿಡಿಯದ ಲೋಹದಿಂದ ಮಾಡಬಾರದೇಕೆ ಎಂದು ಯಾರಾದರೂ ಕೇಳಬಹುದು. ಇಂಥ ಕಡೆ ಹೆಚ್ಚು ಬಳಕೆಯಲ್ಲಿರುವ 625 ಎಂಬ ಮಿಶ್ರಲೋಹದಲ್ಲಿ ಅರ್ಧಕ್ಕಿಂತ ಹೆಚ್ಚು ನಿಕ್ಕಲ್, ಶೇ. 20ರಿಂದ 23 ಕ್ರೋಮಿಯಂ, ಶೇ. 8ರಿಂದ 10 ಮಾಲಿಬ್ಡಿನಂ ಇರುತ್ತದೆ. ಉಕ್ಕಿನ ಬೆಲೆಗೂ ಅದರ ಬೆಲೆಗೂ ಹೋಲಿಕೆಯೇ ಇಲ್ಲ. ಒತ್ತಡ ಹೊರಲು ದಪ್ಪ ಉಕ್ಕು ಸಾಕು. ರಾಸಾಯನಿಕವನ್ನು ಮುಟ್ಟುವುದು ಒಳಮೈ ಮಾತ್ರ. ಹುಳಿ ತಾಗದಿರಲೆಂದು ಹಿತ್ತಾಳೆ ಪಾತ್ರೆಯ ಒಳಗೆ ಕಲಾಯಿ ಹಾಕಿಸುತ್ತಿದ್ದ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಂಗಳೂರಿನ ಎಂಆರ್‌ಪಿಎಲ್‌ನಲ್ಲಿರುವಂಥ ಹೈಡ್ರೋಕ್ರ್ಯಾಕರ್‌ಗಳಲ್ಲಿ ಕಾದ ಹೈಡ್ರೋಜನ್ನಿನ ಜೊತೆ ಗಂಧಕದ ಅನಿಲವೂ ಇರುತ್ತದೆ. ಅಂಥ ರಿಯಾಕ್ಟರ್‌ಗಳ ದಪ್ಪ ಗೋಡೆಗೆ ಒಳಗಿನಿಂದ ಸ್ಟೇನ್‌ಲೆಸ್ ಪದರ ಕೊಡುವುದು ವಾಡಿಕೆ. ಪದರದ ತಾಕತ್ತು ತಿಳಿಯಲು 2002ರ ಮಾರ್ಚ್‌ನಲ್ಲಿ ಅಮೆರಿಕದ ಓಹಾಯೊದಲ್ಲಿ ಬೆಳಕಿಗೆ ಬಂದ ಘಟನೆಯನ್ನು ನೋಡಬೇಕು. ಡೇವಿಸ್-ಬೆಸ್ಸೆ ಅಣುಸ್ಥಾವರದಲ್ಲಿ ಬಿರುಕುಬಿಟ್ಟ ನಳಿಕೆಯಿಂದ ಸೋರಿದ ಬೋರಿಕ್ ಆಮ್ಲ, ರಿಯಾಕ್ಟರ್ ಮುಚ್ಚಳದ ಸುಮಾರು 16 ಸೆಂಟಿಮೀಟರ್ ದಪ್ಪದ ಉಕ್ಕನ್ನು ಒಂದು ಕಡೆ ಪೂರ್ತಿ ತಿಂದುಹಾಕಿತ್ತು. ಅಲ್ಲಿ ಉಳಿದಿದ್ದದ್ದು ಒಂದು ಸೆಂಟಿಮೀಟರಿಗೂ ತೆಳುವಾದ ಸ್ಟೇನ್‌ಲೆಸ್ ಒಳಪದರ ಮಾತ್ರ. ವಾತಾವರಣದ ಸುಮಾರು 150 ಪಟ್ಟು ಒತ್ತಡಕ್ಕೆ ಅದು ಉಬ್ಬಿತ್ತು, ಒಡೆದಿರಲಿಲ್ಲ. ಆ ಭಾರ ಹೊರಲೆಂದು ಯಾರೂ ಅದನ್ನು ಅಲ್ಲಿ ಇಟ್ಟಿರಲಿಲ್ಲ.

ಇದೇ ಘಟನೆ ಎದುರು ವಾದಕ್ಕೂ ಬಲ ಕೊಡುತ್ತದೆ: ಪದರದ ಮರೆಯಲ್ಲಿ ಉಕ್ಕು ಕರಗುತ್ತಿದ್ದರೆ ಗೊತ್ತಾಗುವುದು ಹೇಗೆ? ಈ ಆಕ್ಷೇಪ ಗಟ್ಟಿಯಾದದ್ದೇ. ಉಪ್ಪಿನಂಶವಿರುವ ದ್ರವದಲ್ಲಿ ಎರಡು ಲೋಹಗಳು ಕೂಡಿದ್ದರೆ ಬೇಗ ಕರಗುವ ಗುಣದ್ದು ಇನ್ನೊಂದಕ್ಕೆ ಬಲಿಯಾಗುತ್ತದೆ. ಒಳಪದರದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಸಾಕು, ಅಷ್ಟಗಲದ ನಿಕ್ಕಲ್ ಮೈಯೆಲ್ಲ ಸೇರಿ ಆ ಒಂದು ಚುಕ್ಕೆ ಉಕ್ಕಿನ ಮೇಲೆ ಎರಗುತ್ತದೆ. ಪದರವೇ ಇಲ್ಲದಿದ್ದರೆ ಇಡೀ ಗೋಡೆ ನಿಧಾನವಾಗಿ ಸವೆಯುತ್ತಿತ್ತು. ಈಗ ಒಂದೇ ಕಡೆ ಆಳಕ್ಕೆ ಕೊರೆತ ಬೀಳುತ್ತದೆ. ಬಹುಪಾಲು ಚೆನ್ನಾಗಿದೆ ಎನ್ನುವ ಪದರ ಪದರವೇ ಅಲ್ಲ. ಸಾಲದ್ದಕ್ಕೆ, ವೆಲ್ಡಿಂಗ್‌ನ ಕಾವಿಗೆ ತಳದ ಉಕ್ಕೂ ಕರಗಿ ಮೇಲಿನ ಲೋಹಕ್ಕೆ ಬೆರೆಯುತ್ತದೆ. ಬೆರಕೆ ಹೆಚ್ಚಿದಷ್ಟೂ ತುಕ್ಕು ತಡೆಯುವ ಶಕ್ತಿ ಕುಗ್ಗುತ್ತದೆ. ತೈಲಬಾವಿಯ ವಾಲ್ವುಗಳಿಗೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಕೊಟ್ಟ ಮಾನದಂಡದಲ್ಲಿ 625ರ ಪದರ ಕಡೇಪಕ್ಷ 3 ಮಿಲಿಮೀಟರ್ ಇರಬೇಕು. ಅದರಲ್ಲಿ ಕಬ್ಬಿಣ ಒಂದು ದರ್ಜೆಗೆ ಶೇ. 5, ಇನ್ನೊಂದಕ್ಕೆ ಶೇ. 10 ಮೀರಬಾರದು. ಅಡಿಯಷ್ಟೇ ಅಗಲದ ಕೊಳವೆಯೊಳಗೆ, ಉದ್ದಕ್ಕೂ, ಈ ಹದವನ್ನು ಯಾವ ಕೈ ತಾನೇ ಕಾಯ್ದೀತು? ಯಂತ್ರದಲ್ಲಿ ಕೊಳವೆ ನಿಧಾನವಾಗಿ ತಿರುಗುತ್ತಿರುತ್ತದೆ. ಉದ್ದನೆಯ ತೋಳೊಂದು ಒಳಗೆ ಚಾಚಿ, ಟಂಗ್‌ಸ್ಟನ್ ಮೊನೆಯಿಂದ ಕಿಡಿ ಹಾಯಿಸುತ್ತದೆ. ಸುತ್ತ ಆರ್ಗಾನ್ ಅನಿಲದ ಕಾವಲು. ಮೊದಲೇ ಕಾಯಿಸಿದ ತಂತಿ ಬಂದು ಕರಗುತ್ತದೆ, ಪ್ರತಿ ಸಾಲೂ ಹಿಂದಿನದರ ಸುಮಾರು ಅರ್ಧವನ್ನು ಮುಚ್ಚಿಕೊಂಡು ಕೂರುತ್ತದೆ. ಮೊನೆಗೂ ಲೋಹಕ್ಕೂ ಅಂತರ ಬದಲಾದರೆ ವೋಲ್ಟೇಜ್ ಬದಲಾಗುತ್ತದೆ. ಯಂತ್ರ ಅದನ್ನು ಅಳೆದು ಮೊನೆಯನ್ನು ಆ ಕ್ಷಣವೇ ಸರಿಸುತ್ತದೆ. ಕೊಳವೆ ತುಸು ಸೊಟ್ಟಗಿದ್ದರೂ ಪದರದ ದಪ್ಪ ಕೆಡುವುದಿಲ್ಲ.

ವೆಲ್ಡರ್‌ಗಳ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂಬ ಆತಂಕವನ್ನು ತಳ್ಳಿಹಾಕಲಾರೆ. ಆದರೆ ದೊಡ್ಡ ಪಾತ್ರೆಗಳೊಳಗೆ ಮನುಷ್ಯರನ್ನೇ ಇಳಿಸಿದರೆ, ಮೊದಲೇ ಕಾಯಿಸಿಟ್ಟ ಉಕ್ಕಿನ ಝಳ ಒಂದೆಡೆ, ಉಸಿರಿನ ಗಾಳಿಯನ್ನು ಹೊರದಬ್ಬುವ ಆರ್ಗಾನ್ ಇನ್ನೊಂದೆಡೆ. ವೆಲ್ಡಿಂಗ್ ಹೊಗೆಯಿಂದ ಮನುಷ್ಯರಿಗೆ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲಿ ತೀರ್ಮಾನಿಸಿದೆ. ಇಂಥ ಕೆಲಸ ಯಂತ್ರಕ್ಕೆ ಹೋಗಲಿ. ಯಂತ್ರ ನಡೆಸುವ ಕೆಲಸ ವೆಲ್ಡರ್‌ಗೇ ಸಿಗಲಿ. ಕರಗಿದ ಲೋಹದ ಹೊಳಪು ನೋಡಿಯೇ ಕಾವು ಮೀರಿತೆಂದು ಹೇಳಬಲ್ಲವರು ಅವರು. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 1,500 ಎಕರೆ ಆವರಣವಿದೆ, ಶಾಲೆಗಳ ವಿಜ್ಞಾನ ಶಿಕ್ಷಕರಿಗೆ ಅಲ್ಲಿ ತರಬೇತಿ ಕೊಡುತ್ತಾರೆ. ಸುತ್ತಲಿನ ವೆಲ್ಡಿಂಗ್ ಶಾಪುಗಳ ಹುಡುಗರಿಗೂ ಅಲ್ಲಿ ಬಾಗಿಲು ತೆರೆಯಬೇಕು.

ಇನ್ನು, ಯಂತ್ರ ತಪ್ಪುವುದಿಲ್ಲವೇ? ತಪ್ಪುತ್ತದೆ, ಮತ್ತು ತಪ್ಪಿದರೆ ಅದೇ ತಪ್ಪನ್ನು ಕೊಳವೆಯ ಆ ತುದಿಯವರೆಗೂ ಎಳೆಯುತ್ತದೆ. ಹಾಗಾಗಿ ಪದರದ ಮೇಲೆ ಕೆಂಪು ದ್ರಾವಣ ಸವರಿ, ಒರೆಸಿ, ಬಿಳಿ ಪುಡಿ ಹಾಕಿ ನೋಡುತ್ತಾರೆ. ಬಿರುಕಿದ್ದಲ್ಲಿ ಕೆಂಪು ಇಣುಕುತ್ತದೆ. ಪದರ ಉಕ್ಕಿಗೆ ಕಚ್ಚಿಕೊಂಡಿದೆಯೇ ಎಂಬುದನ್ನು ಶ್ರವಣಾತೀತ ಅಲೆಗಳು ಹೇಳುತ್ತವೆ, ಕಬ್ಬಿಣದ ಪಾಲನ್ನು ಎಕ್ಸ್-ರೇ ಉಪಕರಣ ತೋರಿಸುತ್ತದೆ. ಕೆಂಪು ಕಂಡ ಜಾಗವನ್ನು ಎಷ್ಟು ಆಳಕ್ಕೆ ಉಜ್ಜಿ ತೆಗೆಯಬೇಕು, ಮತ್ತೆ ಹೇಗೆ ತುಂಬಬೇಕು ಎಂದು ನಿರ್ಧರಿಸುವುದು ಮಾತ್ರ ಇಂದಿಗೂ ಅನುಭವಿ ವೆಲ್ಡರ್ ಮತ್ತು ತಪಾಸಣೆಗಾರನ ಕೆಲಸ.