ಏಡಿಗಂತಿಯ ದರ್ಜೆ ಮತ್ತು ರೋಗಿಯ ಮುಂದಿನ ಗತಿ

ಕೊಪ್ಪಳ ಜಿಲ್ಲೆಯ ಹುಲಿಹೈದರದಂತಹ ಊರಿನ ವೃದ್ಧರೊಬ್ಬರು ದೂರದ ಆಸ್ಪತ್ರೆಯಿಂದ ಒಂದು ವರದಿಯನ್ನು ತಂದಿರುವರೆಂದು ಭಾವಿಸೋಣ. ಅದರಲ್ಲಿ ‘ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್; ಗ್ಲೀಸನ್ 3+3=6’ ಎಂದು ಬರೆದಿದೆ. ಕಾಲೇಜಿನಲ್ಲಿ ಓದುವ ಮೊಮ್ಮಗನು, ಹತ್ತಕ್ಕೆ ಆರು ಎಂದರೆ ರೋಗವು ಅರ್ಧದಾರಿಯನ್ನು ದಾಟಿತೆಂದೇ ತಿಳಿಯುವನು. ಮನೆಯಲ್ಲಿ ಹೊಲ ಮಾರುವ ಮಾತೂ ಹೊರಟೀತು. ಆದರೆ ಆ ಅಂಕಿಯ ಅರ್ಥವು ಹಾಗಿಲ್ಲ. ಅದನ್ನು ವಿಶದಪಡಿಸುವುದೇ ನಮ್ಮ ಉದ್ದೇಶ.

ಪ್ರಾಸ್ಟೇಟ್ ಎಂಬುದು ಗಂಡಸರಲ್ಲಿ ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದಿರುವ ಚಿಕ್ಕ ಗ್ರಂಥಿ. ವಯಸ್ಸಾದಂತೆ ಅದು ಊದಿಕೊಳ್ಳುವುದು ಸಾಮಾನ್ಯ, ಊದಿದುದೆಲ್ಲವೂ ಏಡಿಗಂತಿಯಲ್ಲ. ರಕ್ತದಲ್ಲಿ ಪಿ.ಎಸ್.ಎ. ಎಂಬ ವಸ್ತುವು ಹೆಚ್ಚಿದ್ದು ಸಂಶಯ ಹುಟ್ಟಿದಾಗ ವೈದ್ಯರು ಸಣ್ಣ ಸೂಜಿಯಿಂದ ಗ್ರಂಥಿಯ ಹಲವು ಕಡೆಗಳಿಂದ, ಸಾಧಾರಣವಾಗಿ ಹತ್ತು ಹನ್ನೆರಡು ಎಳೆಗಳಷ್ಟು ಅಂಗಾಂಶವನ್ನು ತೆಗೆಯುತ್ತಾರೆ. ಇದೇ ಬಯಾಪ್ಸಿ. ರೋಗಶಾಸ್ತ್ರಜ್ಞರು ಅದನ್ನು ತೆಳುವಾಗಿ ಸೀಳಿ, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಏಡಿಗಂತಿ ಇದೆಯೇ ಎಂಬುದು ಅವರ ಮೊದಲ ಪ್ರಶ್ನೆ; ಇದ್ದರೆ ಅದರ ಸ್ವಭಾವವೆಂತಹುದು ಎಂಬುದು ಎರಡನೆಯದು.

ಈ ಎರಡನೆಯ ಪ್ರಶ್ನೆಗೆ ದಾರಿ ತೋರಿದವರು ಅಮೆರಿಕದ ಮಿನಿಯಾಪೊಲಿಸ್ ನಗರದ ಡೊನಾಲ್ಡ್ ಗ್ಲೀಸನ್. ಅವರು 1966ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಒಂದೊಂದು ಜೀವಕೋಶದ ರೂಪಕ್ಕಿಂತ, ಜೀವಕೋಶಗಳು ಕೂಡಿ ರಚಿಸುವ ವಿನ್ಯಾಸಕ್ಕೆ ಪ್ರಾಧಾನ್ಯವಿದೆ. ಗಂಗಾವತಿ ಸೀಮೆಯ ಭತ್ತದ ಗದ್ದೆಯನ್ನು ನೆನೆದರೆ ಇದು ಸುಲಭವಾಗಿ ಮನಸ್ಸಿಗೆ ಹತ್ತುವುದು. ನಾಟಿ ಮಾಡಿದ ಸಸಿಗಳು ಒಂದಕ್ಕೊಂದು ತಾಗದೆ ಬಿಡಿಬಿಡಿಯಾಗಿ ನಿಂತಂತೆ, ಮೂರನೆಯ ವಿನ್ಯಾಸದಲ್ಲಿ ಪುಟ್ಟ ಗ್ರಂಥಿಗಳು ಬೇರೆ ಬೇರೆಯಾಗಿ ತೋರುತ್ತವೆ. ನಾಲ್ಕನೆಯದರಲ್ಲಿ ಅವು ಒಂದರೊಳಗೊಂದು ಬೆಸೆದುಕೊಂಡಿರುತ್ತವೆ, ಇಲ್ಲವೆ ಜರಡಿಯಂತೆ ತೂತುತೂತಾಗಿರುತ್ತವೆ. ಐದನೆಯದರಲ್ಲಿ ಗ್ರಂಥಿಯ ಆಕಾರವೇ ಅಳಿದು, ಸಾಲು ಕಾಣದಂತೆ ಕಳೆ ಹಬ್ಬಿದ ಹೊಲದ ಹಾಗೆ ಜೀವಕೋಶಗಳು ಹರಡಿರುತ್ತವೆ. ವಿನ್ಯಾಸವು ಕೆಟ್ಟಷ್ಟೂ ರೋಗವು ಹರಡುವ ಸಂಭವ ಹೆಚ್ಚು.

ಬಯಾಪ್ಸಿಯಲ್ಲಿ ಅತಿ ಹೆಚ್ಚಾಗಿ ಕಂಡ ವಿನ್ಯಾಸದ ಅಂಕಿಗೆ, ಉಳಿದವುಗಳಲ್ಲಿ ಅತಿ ಕೆಟ್ಟದ್ದರ ಅಂಕಿಯನ್ನು ಕೂಡಿಸುತ್ತಾರೆ. ಒಂದೇ ವಿನ್ಯಾಸವಿದ್ದರೆ ಅದನ್ನೇ ಇಮ್ಮಡಿಸುತ್ತಾರೆ. ಒಂದು ಮತ್ತು ಎರಡನೆಯ ವಿನ್ಯಾಸಗಳನ್ನು ಬಯಾಪ್ಸಿಯಲ್ಲಿ ಈಗ ಬಳಸುವುದಿಲ್ಲವಾದುದರಿಂದ ಆರು ಎಂಬುದೇ ಅತಿ ಕಡಿಮೆಯ ಮೊತ್ತ. ಈ ತೊಡಕನ್ನು ನೀಗಲು 2014ರಲ್ಲಿ ತಜ್ಞರ ಅಂತರರಾಷ್ಟ್ರೀಯ ಸಂಘವು ಐದು ದರ್ಜೆಗಳನ್ನು ಒಪ್ಪಿತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅವನ್ನು ಸ್ವೀಕರಿಸಿತು. ಮೊತ್ತ ಆರು ಆದರೆ ಒಂದನೆಯ ದರ್ಜೆ, 3+4 ಎರಡನೆಯದು, 4+3 ಮೂರನೆಯದು, ಎಂಟು ನಾಲ್ಕನೆಯದು, ಒಂಬತ್ತು, ಹತ್ತು ಐದನೆಯದು. ಮೊತ್ತವು ಏಳೇ ಆದರೂ 3+4 ಮತ್ತು 4+3 ಒಂದೇ ಅಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಈ ವಿಂಗಡಣೆಯು ಬರಿಯ ಹೆಸರಿನ ಮಾತಲ್ಲ. ಶಸ್ತ್ರಚಿಕಿತ್ಸೆಯಾದ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಹೊರತೆಗೆದ ಗ್ರಂಥಿಯ ದರ್ಜೆಯನ್ನನುಸರಿಸಿ ನೋಡಿದಾಗ, ಐದು ವರ್ಷಗಳವರೆಗೆ ಪಿ.ಎಸ್.ಎ. ಮರಳಿ ಏರದೆ ಉಳಿದವರು ಅನುಕ್ರಮವಾಗಿ ಶೇಕಡಾ 96, 88, 63, 48 ಮತ್ತು 26. ಬಯಾಪ್ಸಿಯ ದರ್ಜೆಯಿಂದ ಲೆಕ್ಕ ಹಾಕಿದಾಗಲೂ ಇದೇ ಇಳಿಮುಖದ ಕ್ರಮವು ಕಂಡುಬಂದಿತು.

ಆದಕಾರಣ ನಮ್ಮ ವೃದ್ಧರದು ಅತಿ ಸೌಮ್ಯವಾದ ದರ್ಜೆ. ಇಂತಹ ಅನೇಕರಿಗೆ ಒಡನೆಯೇ ಶಸ್ತ್ರಚಿಕಿತ್ಸೆ ಬೇಕಾಗದು. ಕಾಲಕಾಲಕ್ಕೆ ಪರೀಕ್ಷಿಸುತ್ತ ಕಾಯಬಹುದು. ಕಾಯುವುದೆಂದರೆ ಮರೆಯುವುದಲ್ಲ. ಅದೇ ವರದಿಯಲ್ಲಿ 4+5 ಎಂದಿದ್ದರೆ ಕಾಯುವಂತಿಲ್ಲ. ವಯಸ್ಸಿನ ಸಹಜ ತೊಂದರೆಯೆಂದು ಮನೆಯಲ್ಲಿ ಉಳಿದರೆ ಅನಾಹುತವಾದೀತು.

ದರ್ಜೆಗೂ ಮಿತಿಯುಂಟು. ಸೂಜಿಯು ಮುಟ್ಟದ ಕಡೆ ಇನ್ನೂ ಕೆಟ್ಟ ವಿನ್ಯಾಸವಿರಬಹುದು. ಮೂರು, ನಾಲ್ಕರ ಗಡಿಯಲ್ಲಿ ಇಬ್ಬರು ತಜ್ಞರು ಭಿನ್ನಾಭಿಪ್ರಾಯ ಹೊಂದಬಹುದು. ಪಿ.ಎಸ್.ಎ. ಪ್ರಮಾಣ, ರೋಗದ ಹರವು, ರೋಗಿಯ ವಯಸ್ಸು ಇವನ್ನೆಲ್ಲ ಕೂಡಿಸಿಯೇ ವೈದ್ಯರು ನಿರ್ಣಯಿಸಬೇಕು. ಮೇಲಾಗಿ ಶೇಕಡಾವಾರು ಲೆಕ್ಕವು ಸಮೂಹಕ್ಕೆ ಸಂಬಂಧಿಸಿದುದು; ಒಬ್ಬನ ಹಣೆಯ ಬರಹವನ್ನು ಅದು ಹೇಳಲಾರದು.

1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯು ಆರಂಭವಾಯಿತು. 2015ರಲ್ಲಿ ಕೊಪ್ಪಳದಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜು ತೆರೆಯಿತು. ಆಸ್ಪತ್ರೆಗಳು ಹತ್ತಿರವಾದಂತೆ ಇಂತಹ ವರದಿಗಳು ಹಳ್ಳಿಯ ಮನೆಗಳಿಗೆ ಹೆಚ್ಚು ಹೆಚ್ಚಾಗಿ ಬರುವುವು. ಅವನ್ನು ಮೊದಲು ಓದುವವರು ನಮ್ಮ ವಿದ್ಯಾರ್ಥಿಗಳೇ. ಅವರು ಮೊತ್ತವನ್ನಷ್ಟೇ ನೋಡಿ ಬೆದರದೆ, ಎರಡು ಅಂಕಿಗಳನ್ನೂ ದರ್ಜೆಯನ್ನೂ ಬೇರೆ ಬೇರೆಯಾಗಿ ಗುರುತಿಸಿ ವೈದ್ಯರನ್ನು ಪ್ರಶ್ನಿಸುವಂತಾದರೆ, ಅನಾವಶ್ಯಕವಾದ ಭಯವೂ ಅಪಾಯಕರವಾದ ಉದಾಸೀನವೂ ತಕ್ಕಮಟ್ಟಿಗೆ ದೂರವಾಗುವುವೆಂದು ನಾವು ನಂಬುತ್ತೇವೆ.