ಕೃತ್ತಿಕೆಯ ಒಂದು ತಾರೆಯೂ ಅದರ ಅನಿಲದ ಹೊದಿಕೆಯೂ

ಬೆಂಗಳೂರು: ಹೊಸಕೋಟೆಯ ಸಮೀಪ ಭಾರತೀಯ ತಾರಾಭೌತ ಸಂಸ್ಥೆಯ ಕೇಂದ್ರವೊಂದಿದೆ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಖಗೋಳಜ್ಞರು ಇಲ್ಲಿ ಕುಳಿತೇ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಅನಿಲದ ಹೊದಿಕೆಯುಳ್ಳ ನಕ್ಷತ್ರಗಳ ಶೋಧಕ್ಕೂ ಈ ದೂರದರ್ಶಕ ಬಳಕೆಯಾಗಿದೆ.

ನಕ್ಷತ್ರದ ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿದರೆ ಸಾಮಾನ್ಯವಾಗಿ ಅಲ್ಲಲ್ಲಿ ಕಪ್ಪು ಗೆರೆಗಳು ಕಾಣುತ್ತವೆ. ಅವು ನಕ್ಷತ್ರದ ಹೊರಪದರದ ಅನಿಲ ಹೀರಿಕೊಂಡ ಬಣ್ಣಗಳು. ಆದರೆ ಕ್ಯಾಸಿಯೋಪಿಯಾ ಪುಂಜದ ಗಾಮಾ ನಕ್ಷತ್ರದಲ್ಲಿ ಜಲಜನಕದ ಗೆರೆ ಕಪ್ಪಾಗಿರದೆ ಹೊಳೆಯುತ್ತಿರುವುದನ್ನು 1866ರಲ್ಲಿ ಇಟಲಿಯ ಏಂಜಲೊ ಸೆಕ್ಕಿ ಗುರುತಿಸಿದರು.

ಇಂತಹ ನೀಲಿ-ಬಿಳಿ ನಕ್ಷತ್ರಗಳು ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ತಿರುಗುತ್ತವೆ. ನಡುಭಾಗದಿಂದ ಹೊರಚಿಮ್ಮಿದ ಅನಿಲ ನಕ್ಷತ್ರವನ್ನು ಸುತ್ತತೊಡಗುತ್ತದೆ. ನಕ್ಷತ್ರದ ನೇರಳಾತೀತ ಕಿರಣಗಳು ಆ ಅನಿಲದ ಜಲಜನಕದಿಂದ ಎಲೆಕ್ಟ್ರಾನನ್ನು ಕಿತ್ತೆಸೆಯುತ್ತವೆ. ಅದು ಮರಳಿ ಪರಮಾಣುವನ್ನು ಸೇರುವಾಗ 656.3 ನ್ಯಾನೊಮೀಟರಿನ ಕೆಂಪು ಬೆಳಕು ಹೊಮ್ಮುತ್ತದೆ. ಹೊದಿಕೆಯೆಂಬುದು ರೂಢಿಯ ಮಾತಷ್ಟೇ. ಅದು ಈರುಳ್ಳಿಯ ಸಿಪ್ಪೆಯಂತೆ ಸುತ್ತಲೂ ಕವಿದಿಲ್ಲ, ರೊಟ್ಟಿಯಂತೆ ಚಪ್ಪಟೆಯಾಗಿದೆ.

ಆದ್ದರಿಂದಲೇ ನಾವು ನೋಡುವ ಕೋನ ಮುಖ್ಯವಾಗುತ್ತದೆ. ತಟ್ಟೆಯನ್ನು ಮೇಲಿನಿಂದ ನೋಡಿದರೆ ಒಂದೇ ಹೊಳಪಿನ ಗೆರೆ. ಓರೆಯಾಗಿ ನೋಡಿದರೆ ಗೆರೆಗೆ ಎರಡು ಶಿಖರ, ಏಕೆಂದರೆ ಒಂದು ಬದಿಯ ಅನಿಲ ನಮ್ಮತ್ತ ಬರುತ್ತಿದ್ದರೆ ಇನ್ನೊಂದು ಬದಿಯದು ದೂರ ಸರಿಯುತ್ತಿರುತ್ತದೆ. ಅಂಚಿನಿಂದ ನೋಡಿದಾಗ ಎದುರಿನ ಅನಿಲ ನಕ್ಷತ್ರಕ್ಕೆ ಅಡ್ಡ ಬಂದು, ಹೊಳಪಿನ ನಡುವೆ ಕಿರಿದಾದ ಕಪ್ಪು ಗೆರೆ ಮೂಡುತ್ತದೆ. ಖಗೋಳಜ್ಞರು 'ಶೆಲ್ ನಕ್ಷತ್ರ' ಎನ್ನುವುದು ಇದನ್ನೇ.

ಕೃತ್ತಿಕಾ ಪುಂಜದ ಪ್ಲಿಯೋನಿ ಇದಕ್ಕೆ ಉತ್ತಮ ನಿದರ್ಶನ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದರ ಹೊಳಪಿನ ಗೆರೆ ಮಾಯವಾಗಿತ್ತು. 1938ರಲ್ಲಿ ಅದು ಶೆಲ್ ನಕ್ಷತ್ರವಾಗಿ ಕಾಣಿಸಿಕೊಂಡಿತು; ಬಳಿಕ ಆ ಲಕ್ಷಣ ಅಳಿದು 1972ರಲ್ಲಿ ಮರಳಿತು. 218 ದಿನಗಳಿಗೊಮ್ಮೆ ಸುತ್ತುವ ಜೊತೆಗಾರ ನಕ್ಷತ್ರದ ಸೆಳೆತಕ್ಕೆ ಅನಿಲದ ತಟ್ಟೆಯೇ ವಾಲುತ್ತದೆಂಬ ವಿವರಣೆಯಿದೆ.

ಸಮೀಕ್ಷೆಗಳಿಗೆ ಇದೇ ತೊಡಕು. ತಾರಾಭೌತ ಸಂಸ್ಥೆಯ ಬ್ಲೆಸನ್ ಮ್ಯಾಥ್ಯೂ, ಅನ್ನಪೂರ್ಣಿ ಸುಬ್ರಮಣಿಯಂ ಮತ್ತು ಸಂಗಡಿಗರು ಹಾನ್ಲೆಯ ದೂರದರ್ಶಕದಿಂದ 207 ನಕ್ಷತ್ರಗುಚ್ಛಗಳನ್ನು ಪರಿಶೀಲಿಸಿ, 42 ಗುಚ್ಛಗಳಲ್ಲಿ ಹೊಳಪಿನ ಗೆರೆಯುಳ್ಳ 157 ನಕ್ಷತ್ರಗಳನ್ನು ಕಂಡುದಾಗಿ 2008ರಲ್ಲಿ ವರದಿ ಮಾಡಿದರು. ಇವುಗಳಲ್ಲಿ 54 ಹೊಸವು. ಆ ರಾತ್ರಿ ಹೊದಿಕೆ ಕಳಚಿಕೊಂಡಿದ್ದ ನಕ್ಷತ್ರಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ. ಹೀಗಾಗಿ 157 ಎಂಬುದನ್ನು ಕನಿಷ್ಠ ಸಂಖ್ಯೆಯೆಂದೇ ಓದಿಕೊಳ್ಳಬೇಕು.