ಸುಡದ ಇಟ್ಟಿಗೆ

ಆವಿಗೆಯಲ್ಲಿ ಬೆಂದ ಇಟ್ಟಿಗೆ ಗಟ್ಟಿಯಾದುದೇನೋ ನಿಜ. ಆದರೆ ಅದಕ್ಕಾಗಿ ಉರಿಯುವ ಸೌದೆ, ಕಲ್ಲಿದ್ದಲುಗಳು ಅಪಾರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಬೆಂಕಿಯ ಹಂಗಿಲ್ಲದ ಮಣ್ಣಿನ ಇಟ್ಟಿಗೆಯನ್ನು ನಾಡಿನಲ್ಲಿ ಪ್ರಚಾರಕ್ಕೆ ತಂದಿತು.

ಮರಳು ಬೆರೆತ ಕೆಮ್ಮಣ್ಣನ್ನು ಜರಡಿ ಹಿಡಿದು, ನೂರಕ್ಕೆ 6ರಿಂದ 8 ಪಾಲು ಸಿಮೆಂಟು ಕೂಡಿಸಿ, ಹದವರಿತು ನೀರು ಚಿಮುಕಿಸಿ, ಕೈಯಂತ್ರದಲ್ಲಿ ಬಲವಾಗಿ ಒತ್ತಬೇಕು. ಎರೆಮಣ್ಣು ನೆನೆದರೆ ಹಿಗ್ಗಿ, ಒಣಗಿದರೆ ಬಿರಿಯುವುದರಿಂದ ಅದಕ್ಕೆ ಸುಣ್ಣವೂ ಮರಳೂ ಬೇಕಾಗುತ್ತವೆ.

ಒತ್ತಿದ ಮಾತ್ರಕ್ಕೆ ಕಾರ್ಯ ಮುಗಿಯದು. ಇಟ್ಟಿಗೆಗಳಿಗೆ ಹುಲ್ಲು ಹೊದಿಸಿ ಮೂರು ವಾರ ನೀರುಣಿಸಿದರೆ ಮಾತ್ರ ಸಿಮೆಂಟು ಪೂರ್ಣವಾಗಿ ಬಲಿಯುತ್ತದೆ. ಅವಸರದಿಂದ ಬಿಸಿಲಿಗೊಡ್ಡಿದ ಇಟ್ಟಿಗೆ ಮಳೆಗೆ ಸವೆಯುತ್ತದೆ. ತಪ್ಪು ನಮ್ಮದಾದರೂ ಅಪವಾದ ಮಣ್ಣಿಗೆ! ಆದುದರಿಂದ ಕಟ್ಟಡಕ್ಕೆ ನೆರವಾಗುವ ಮಹನೀಯರು ಸಿಮೆಂಟಿನ ಚೀಲಗಳೊಡನೆ ಈ ಮೂರು ವಾರಗಳ ನೀರನ್ನೂ ಸಹನೆಯನ್ನೂ ಲೆಕ್ಕದಲ್ಲಿ ಸೇರಿಸುವುದು ಲೇಸು.